ಸಣ್ಣ ಪ್ರಕಾಶಕರಿಗೆ ಜ್ಞಾನ ಪೋಸ್ಟ್ ಎಷ್ಟು ಅನುಕೂಲ?

ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸಿ, ತಾನೇ ಓದುಗರಿಗೆ ಕಳುಹಿಸುವ ಲೇಖಕನಿಗೆ ಮುದ್ರಣಾಲಯದ ಬಿಲ್ಲು ಒಮ್ಮೆ ಕಟ್ಟಿದರೆ ಮುಗಿಯಿತು. ಅಂಚೆಯ ಖರ್ಚು ಹಾಗಲ್ಲ. ಒಂದೊಂದು ಪ್ರತಿ ಹೊರಟಾಗಲೂ ಅದು ಹೊಸದಾಗಿ ಹುಟ್ಟುತ್ತದೆ. ಪುಸ್ತಕಗಳನ್ನು ಕಡಿಮೆ ದರದಲ್ಲಿ ತಲುಪಿಸಲೆಂದು ಅಂಚೆ ಇಲಾಖೆಯು 2025ರ ಮೇ 1ರಂದು ಆರಂಭಿಸಿದ ‘ಜ್ಞಾನ ಪೋಸ್ಟ್’ ಸೇವೆಯನ್ನು ಈ ಖರ್ಚಿನ ಕಡೆಯಿಂದಲೇ ನೋಡಬೇಕಾಗುತ್ತದೆ. ನನ್ನ ಹೊಸ ಪ್ರಬಂಧ ಸಂಕಲನವನ್ನು ಓದುಗರಿಗೆ ತಲುಪಿಸಲು ನಾನು ಬಳಸುತ್ತಿರುವುದು ಇದೇ ಸೇವೆಯನ್ನು.

ಹಿನ್ನೆಲೆ ಹೀಗಿದೆ. ಕಡಿಮೆ ದರದಲ್ಲಿ ಪುಸ್ತಕಗಳನ್ನು ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ದೊಡ್ಡ ಪ್ರಕಾಶಕರು ಕೊರಿಯರ್ ಸಂಸ್ಥೆಗಳೊಂದಿಗೆ ಸಗಟು ದರ ಮಾತಾಡಿಕೊಂಡು ಹೇಗೋ ನಿಭಾಯಿಸಿದರು. ವಾರಕ್ಕೆ ನಾಲ್ಕಾರು ಪ್ರತಿ ಕಳುಹಿಸುವವರ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಜ್ಞಾನ ಪೋಸ್ಟ್ ತುಂಬಿದ್ದು ಈ ತೆರವನ್ನು. ಇದರಲ್ಲಿ 300 ಗ್ರಾಂವರೆಗಿನ ಪೊಟ್ಟಣಕ್ಕೆ 20 ರೂಪಾಯಿ. ತೂಕ ಏರಿದಂತೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರಿ, ಗರಿಷ್ಠ ಮಿತಿಯಾದ 5 ಕಿಲೋಗೆ 100 ರೂಪಾಯಿಯಾಗುತ್ತದೆ. ತೆರಿಗೆ ಪ್ರತ್ಯೇಕ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದರ ಪ್ರಯಾಣಕ್ಕೆ ಮಾತ್ರ ಇದೆ ಎಂಬುದು ಬೇರೆ ಮಾತು.

ಈ 300 ಗ್ರಾಂ ಎಂಬ ಗೆರೆಯನ್ನು ಪುಸ್ತಕ ಪ್ರೆಸ್ಸಿಗೆ ಹೋಗುವ ಮುನ್ನವೇ ತಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ 1/8 ಆಕಾರದ, ಹದಿನೈದು ಫಾರಂ, ಅಂದರೆ 240 ಪುಟಗಳ ಪುಸ್ತಕವನ್ನು 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ ಮುದ್ರಿಸಿದರೆ ರಕ್ಷಾಪುಟವೂ ಸೇರಿ ಸುಮಾರು 275 ಗ್ರಾಂ ತೂಗುತ್ತದೆ. ತೆಳುವಾದ ಲಕೋಟೆಯಲ್ಲಿ ಹಾಕಿ ವಿಳಾಸ ಅಂಟಿಸಿದರೂ ಮೊದಲ ಮೆಟ್ಟಿಲಿನೊಳಗೇ ಉಳಿಯುತ್ತದೆ. ಅದೇ ಪುಸ್ತಕಕ್ಕೆ 80 ಜಿಎಸ್‌ಎಂ ಕಾಗದ ಬಳಸಿದರೆ, ಲಕೋಟೆಗೆ ಹಾಕುವ ಮೊದಲೇ ಅದು 300 ದಾಟಿರುತ್ತದೆ. ಕಾಗದ ದಪ್ಪವಿದ್ದರೆ ಪುಸ್ತಕ ಕೈಗೆ ತುಂಬಿದಂತೆ ಕಾಣುತ್ತದೆಂದು ಮುದ್ರಕರು ಹೇಳುವುದು ಸುಳ್ಳೇನಲ್ಲ. ಆದರೆ ಆ ತುಂಬುತನದ ಬೆಲೆಯನ್ನು ಕಾಗದಕ್ಕೊಮ್ಮೆ, ಅಂಚೆಗೊಮ್ಮೆ ತೆರಬೇಕಾಗುತ್ತದೆ. ಮನೆಯ ಅಡುಗೆ ತಕ್ಕಡಿಯ ಮೇಲೆ ಪೊಟ್ಟಣವನ್ನಿಟ್ಟು 290ರ ಆಚೀಚೆ ಓಲಾಡುವ ಅಂಕಿಯನ್ನು ನೋಡಿದವರಿಗೆ, ಮೂಲೆ ಮಡಚದಿರಲೆಂದು ಒಳಗಿಡುವ ರಟ್ಟಿನ ತುಂಡಿಗೂ ತೂಕವಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಹಣದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಪುಸ್ತಕದ ಮುಖಬೆಲೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಕೊಟ್ಟರೆ ಕಮಿಷನ್ ರೂಪದಲ್ಲಿ ಮೂರನೇ ಒಂದು ಭಾಗ, ಎಷ್ಟೋ ಸಲ ಅದಕ್ಕೂ ಹೆಚ್ಚು, ಬಿಟ್ಟುಕೊಡಬೇಕು. ಓದುಗರಿಗೆ ನೇರವಾಗಿ ಕಳುಹಿಸಿದರೆ ಅದು ಉಳಿಯುತ್ತದೆ ಎಂಬುದೇ ನೇರ ಮಾರಾಟದ ಆಸೆ. ಆದರೆ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ದರದಂತೆ, ಇದೇ ಪೊಟ್ಟಣ ಸ್ಪೀಡ್ ಪೋಸ್ಟಿನಲ್ಲಿ ಪರಸ್ಥಳಕ್ಕೆ ಹೋಗಲು ಕನಿಷ್ಠ 70 ರೂಪಾಯಿ ಬೇಕು. ತೆರಿಗೆ ಸೇರಿದರೆ ಹೆಚ್ಚುಕಡಿಮೆ ಅಂಗಡಿಯ ಕಮಿಷನ್ನಿನಷ್ಟೇ ಆಯಿತು. ಪೊಟ್ಟಣ ಕಟ್ಟುವ, ವಿಳಾಸ ಬರೆಯುವ, ಸರದಿಯಲ್ಲಿ ನಿಲ್ಲುವ ದುಡಿಮೆ ಪುಕ್ಕಟೆ. ಜ್ಞಾನ ಪೋಸ್ಟಿನಲ್ಲಿ ತೆರಿಗೆ ಸೇರಿಯೂ 24 ರೂಪಾಯಿ ದಾಟುವುದಿಲ್ಲ. ನೇರ ಮಾರಾಟಕ್ಕೆ ಅರ್ಥ ಬರುವುದು ಈ ವ್ಯತ್ಯಾಸದಿಂದಲೇ. ಓದುಗರಿಗೆ ರಿಯಾಯಿತಿ ಕೊಟ್ಟು, ಸಹಿ ಹಾಕಿದ ಪ್ರತಿ ಕಳುಹಿಸಿಯೂ ಲೇಖಕನ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ.

ಕನ್ನಡ ಪುಸ್ತಕೋದ್ಯಮಕ್ಕೆ ಅಂಚೆಯ ನಂಟು ಹೊಸದೂ ಅಲ್ಲ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರನ್ನು ಎಲ್ಲರೂ ನೆನೆಯುತ್ತಾರೆ; ಹಾವೇರಿ ಬಳಿಯ ಅಗಡಿಯಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಮೂಲಕ ಅವರ ಕಾದಂಬರಿಗಳು ಚಂದಾದಾರರ ಮನೆಗೆ ಕಂತುಕಂತಾಗಿ ತಲುಪುತ್ತಿದ್ದುದನ್ನು ನೆನೆಯುವವರು ಕಡಿಮೆ. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನವೂ ಚಂದಾದಾರರನ್ನು ನೆಚ್ಚಿಕೊಂಡು ಬೆಳೆದದ್ದೇ. ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕುಗಳು ಇಂದಿಗೂ ಬೇಕಾದಷ್ಟಿರುವಾಗ, ಅಲ್ಲಿಯ ಓದುಗರ ಬಾಗಿಲಿಗೆ ಹೋಗುವವರು ಪೋಸ್ಟ್‌ಮನ್ ಒಬ್ಬರೇ.

ಇನ್ನು ಕೊರತೆಗಳು. ಜ್ಞಾನ ಪೋಸ್ಟ್ ಸಾಗುವುದು ಭೂಮಾರ್ಗದಲ್ಲಿ ಮಾತ್ರ. ಪೊಟ್ಟಣ ಎಲ್ಲಿದೆಯೆಂದು ಸಂಖ್ಯೆಯ ಮೂಲಕ ನೋಡಬಹುದಾದರೂ, ಇಂಥ ದಿನ ತಲುಪುತ್ತದೆ ಎಂದು ಓದುಗರಿಗೆ ಮಾತು ಕೊಡುವ ಹಾಗಿಲ್ಲ. ಬಿಡುಗಡೆಯ ದಿನವೇ ಪುಸ್ತಕ ಕೈಯಲ್ಲಿರಬೇಕೆನ್ನುವವರಿಗೆ, ವಿಮರ್ಶೆಗೆಂದು ಪತ್ರಿಕೆಗಳಿಗೆ ಕಳುಹಿಸುವ ಪ್ರತಿಗಳಿಗೆ ಇದು ಹೇಳಿಮಾಡಿಸಿದ ದಾರಿಯಲ್ಲ. ಎರಡನೆಯದಾಗಿ, ಈ ಸೇವೆ ದೊರೆಯುವುದು ಇಲಾಖಾ ಅಂಚೆ ಕಚೇರಿಗಳಲ್ಲಿ ಎಂದು ಪ್ರಕಟಣೆ ಹೇಳುತ್ತದೆ. ಶಾಖಾ ಅಂಚೆ ಕಚೇರಿ ಮಾತ್ರ ಇರುವ ಹಳ್ಳಿಯಲ್ಲಿ ಕುಳಿತು ಪ್ರಕಾಶನ ನಡೆಸುವವರು ಚೀಲ ಹಿಡಿದು ಹೋಬಳಿಗೋ ತಾಲ್ಲೂಕು ಕೇಂದ್ರಕ್ಕೋ ಹೋಗಬೇಕು. ತಿಂಗಳಿಗೊಂದು ದಿನ ಗೊತ್ತುಮಾಡಿಕೊಂಡು ಒಟ್ಟಿಗೆ ಕಳುಹಿಸಿದರೆ ಬಸ್ಸಿನ ಖರ್ಚಾದರೂ ಗಿಟ್ಟುತ್ತದೆ.

ನಿಯಮದ ಭಾಷೆಯ ಬಗ್ಗೆ ನನ್ನದೊಂದು ತಕರಾರಿದೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಮತ್ತು ಧಾರ್ಮಿಕ ಪುಸ್ತಕಗಳಿಗೆ ಈ ಸೇವೆ ಎಂದಿದೆ. ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೆ, ನಿಯತಕಾಲಿಕಗಳಿಗೆ, ಜಾಹೀರಾತುಗಳುಳ್ಳ ಪ್ರಕಟಣೆಗಳಿಗೆ ಇಲ್ಲ. ಕವನ ಸಂಕಲನವನ್ನು ‘ಸಾಂಸ್ಕೃತಿಕ’ದೊಳಗೆ ಸೇರಿಸಿಕೊಳ್ಳಬಹುದು, ನಿಜ, ಆದರೂ ‘ಸಾಹಿತ್ಯ’ ಎಂಬ ಮೂರಕ್ಷರವನ್ನು ನೇರವಾಗಿ ಬರೆದಿದ್ದರೆ ಯಾವ ಕೌಂಟರಿನಲ್ಲೂ ವಿವರಣೆಯ ಪ್ರಮೇಯವೇ ಬರುತ್ತಿರಲಿಲ್ಲ. ಜಾಹೀರಾತಿನ ನೆರವಿಲ್ಲದೆ ಹೊರಬರಲಾಗದ ಕಿರುಪತ್ರಿಕೆಗಳನ್ನು ಹೊರಗಿಟ್ಟದ್ದಂತೂ ಸಮಾಧಾನ ತರುವ ಸಂಗತಿಯಲ್ಲ. ಕೊನೆಯ ಪುಟದಲ್ಲಿ ಪ್ರಕಾಶನದ ಇತರ ಪುಸ್ತಕಗಳ ಪಟ್ಟಿ ಇರುವುದಕ್ಕೆ ಅಡ್ಡಿಯಿಲ್ಲ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಊರ ಜಾತ್ರೆಗೋ ಹಿರಿಯರ ನೆನಪಿಗೋ ಅಚ್ಚು ಹಾಕಿಸುವ ಕಿರುಪುಸ್ತಕಗಳಲ್ಲಿ ಇದು ಬಿಟ್ಟುಹೋಗುವುದುಂಟು, ಅಂಥವರು ಗಮನಿಸಬೇಕು.

ನನ್ನ ಮಟ್ಟಿಗೆ ಇದರ ಬಳಕೆಯ ಕ್ರಮ ಈಗ ಗೊತ್ತಾಗಿದೆ. ಪ್ರಕಟಣಪೂರ್ವ ಬೆಲೆಯ ಪ್ರಕಟಣೆಯಲ್ಲೇ ಎರಡು ಮೊತ್ತಗಳನ್ನು ನಮೂದಿಸುತ್ತೇನೆ. ಜ್ಞಾನ ಪೋಸ್ಟಿನಲ್ಲಾದರೆ ಅಂಚೆವೆಚ್ಚ ನನ್ನದು, ತಲುಪುವುದು ತಡವಾಗಬಹುದು. ಬೇಗ ಬೇಕೆನ್ನುವವರು ಸ್ಪೀಡ್ ಪೋಸ್ಟಿನ ವೆಚ್ಚವನ್ನು ಸೇರಿಸಿ ಕಳುಹಿಸಬೇಕು. ಹೆಚ್ಚಿನ ಓದುಗರು ಮೊದಲನೆಯದನ್ನೇ ಆರಿಸುತ್ತಾರೆ.