ಚರಂಡಿ ಚೇಂಬರ್ (ಮ್ಯಾನ್‌ಹೋಲ್) ಮುಚ್ಚಳ ತೆರೆಯಲು ಕೊಕ್ಕೆಯೋ, ಮ್ಯಾಗ್ನೆಟ್ ಗಾಡಿಯೋ?

ಪುಣೆಯ ಭೋಸರಿಯಲ್ಲಿ ಕಾರ್ಖಾನೆಗಳ ನಿರ್ವಹಣೆ ನೋಡಿಕೊಳ್ಳುವ ನಮ್ಮ ಕಲಬುರಗಿ, ವಿಜಯಪುರದ ಗೆಳೆಯರು ಮಳೆಗಾಲಕ್ಕೆ ಮುಂಚೆ ಕೇಳುವ ಪ್ರಶ್ನೆ ಇದು. ಹಾರೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಜಾರಿದರೆ ಬೆರಳು ಜಜ್ಜಿಹೋಗುತ್ತದೆ.

ಜೋಡಿ ಕೊಕ್ಕೆ ಅಗ್ಗ, ಚೀಲದಲ್ಲಿ ಹಿಡಿಸುತ್ತದೆ. ಆದರೆ 60 ಕಿಲೋ ಬೀಡುಕಬ್ಬಿಣದ ಮುಚ್ಚಳವನ್ನು ಇಬ್ಬರು ಎತ್ತಿದರೂ ತಲಾ 30 ಕಿಲೋ, ಅದೂ ಸೊಂಟ ಬಗ್ಗಿಸಿ. ಮೊದಲ ಎಳೆತವಂತೂ ಇನ್ನೂ ಕಷ್ಟ: ಅಂಚಿನ ಸಂದಿಯಲ್ಲಿ ಮಣ್ಣು, ತುಕ್ಕು ಗಟ್ಟಿಯಾಗಿ ಮುಚ್ಚಳ ಚೌಕಟ್ಟನ್ನು ಕಚ್ಚಿ ಹಿಡಿದಿರುತ್ತದೆ. ಜೋರಾಗಿ ಜಗ್ಗಿದಾಗ ಅದು ಒಮ್ಮೆಲೇ ಬಿಟ್ಟುಕೊಳ್ಳುತ್ತದೆ, ಬೆನ್ನು ಉಳುಕುವುದು ಆಗಲೇ. ಮೊದಲು ಸಂದಿಯನ್ನು ಕೆರೆದು, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಸಡಿಲಿಸಲೇಬೇಕು.

ಚಕ್ರವಿರುವ ಮ್ಯಾಗ್ನೆಟ್ ಗಾಡಿ ಸನ್ನೆಕೋಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಹಿಡಿಕೆಯ ತೋಳು ಮ್ಯಾಗ್ನೆಟ್ ಕಡೆಯ ತೋಳಿಗಿಂತ ಐದು ಪಟ್ಟು ಉದ್ದವಿದ್ದರೆ ಅದೇ 60 ಕಿಲೋಗೆ ಸುಮಾರು 12 ಕಿಲೋ ಬಲ ಸಾಕು. ನೆಟ್ಟಗೆ ನಿಂತು ಒತ್ತಿ, ಮುಚ್ಚಳವನ್ನು ನೆಲದಿಂದ ತುಸುವೇ ಎತ್ತಿ ಪಕ್ಕಕ್ಕೆ ಉರುಳಿಸಿಕೊಂಡು ಹೋಗಬಹುದು. ಕೈ, ಕಾಲು ಮುಚ್ಚಳದ ಕೆಳಗೆ ಹೋಗುವ ಪ್ರಮೇಯವೇ ಇಲ್ಲ.

ಮ್ಯಾಗ್ನೆಟ್ಟಿಗೂ ಮಿತಿಯಿದೆ. ಫೈಬರ್ ಮುಚ್ಚಳಕ್ಕೆ ಅದು ಅಂಟುವುದಿಲ್ಲ, ಸಿಮೆಂಟಿನದಕ್ಕೂ ಇಲ್ಲ. ಕೆಸರು, ದಪ್ಪ ಬಣ್ಣ ಇದ್ದರೆ ಹಿಡಿತ ಕುಸಿಯುತ್ತದೆ.

ವಾರಕ್ಕೊಮ್ಮೆಯಾದರೂ ಕಬ್ಬಿಣದ ಮುಚ್ಚಳ ತೆರೆಯುವವರು ಗಾಡಿಯನ್ನೇ ಕೊಳ್ಳಿ, ಕೊಕ್ಕೆಯನ್ನೂ ಜೋಡಿಸಬಹುದಾದದ್ದನ್ನು ಆರಿಸಿ. ಯಾವುದನ್ನೇ ಬಳಸಿದರೂ ತೆರೆದ ಬಾಯಿಗೆ ತಕ್ಷಣ ಅಡ್ಡಗಟ್ಟು ಇಡಿ, ಒಳಗೆ ಬಗ್ಗಿ ನೋಡಬೇಡಿ: ವಿಷಾನಿಲ ಕಣ್ಣಿಗೆ ಕಾಣುವುದಿಲ್ಲ.