ಅಳಿಯನ ಮನೆಗೆ ಯಾವ ಪಂಪ್ ಬಂದೂಕು?

ಅಳಿಯ ಹ್ಯೂಸ್ಟನ್‌ನಲ್ಲಿದ್ದಾನೆ. ಅವರ ಪಕ್ಕದ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದ್ದರಂತೆ. ಅವತ್ತಿಂದ ಅವನಿಗೆ ಒಂದೇ ಗುಂಗು. ಮನೆಯಲ್ಲೊಂದು ಪಂಪ್ ಬಂದೂಕು ಇರಬೇಕು (ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಎಳೆದು ತೋಟಾ ಏರಿಸುವಂಥದ್ದು), ಅದೂ ಗಿಡ್ಡದ್ದೇ ಆಗಬೇಕು. ‘ಮಾವ, ಹೇಗೂ ಬರ್ತಿದ್ದೀರಲ್ಲ, ನೀವೇ ನೋಡಿ ಹೇಳಿಬಿಡಿ’ ಅಂದ.

ನಾನು 17 ವರ್ಷ ಮಿಲಿಟರಿಯಲ್ಲಿದ್ದವನು. ಆಮೇಲೆ 11 ವರ್ಷ ಬಳ್ಳಾರಿಯಲ್ಲಿ ಕ್ಯಾಶ್ ವ್ಯಾನಿನ ಗನ್‌ಮ್ಯಾನ್. ಹೆಗಲ ಮೇಲಿದ್ದದ್ದು ಸ್ವಂತ ಲೈಸೆನ್ಸಿನ 12 ಬೋರ್ ಡಬಲ್ ಬ್ಯಾರೆಲ್. ಹಂಗಾಗಿ ಮನೆಯವರ ಲೆಕ್ಕದಲ್ಲಿ ನಾನು ಈ ವಿಷಯದಲ್ಲಿ ದೊಡ್ಡ ಪಂಡಿತ.

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಸುಮ್ನೆ ಬಂದೂಕು ಮುಟ್ಟುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಆಗುತ್ತದೆ. ಅಳಿಯ ದುಡ್ಡು ಕಟ್ಟಿ ನನ್ನ ಹೆಸರಲ್ಲಿ ಒಂದು ಮಾಡಿಸಿದ. ಜೀವನದಲ್ಲಿ ಒಂದು ಮೊಲ ಹೊಡೆಯದವನಿಗೆ ಟೆಕ್ಸಾಸಿನ ಬೇಟೆ ಲೈಸೆನ್ಸ್! ನಮ್ಮಾಕೆ ಎರಡು ದಿನ ನಕ್ಕಳು.

ಊರ ಹೊರಗೆ ಗುಂಡು ಹೊಡೆದು ನೋಡುವ ಬಯಲು ರೇಂಜು. ಬಿಸಿಲು ನಮ್ಮಷ್ಟೇ, ಆದರೆ ನಮ್ಮಲ್ಲಿ ಬೆವರು ಒಣಗುತ್ತದೆ, ಅಲ್ಲಿ ಒಣಗುವುದಿಲ್ಲ. ಕೈ ಜಾರುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮೊದಲು ಕೈಗೆ ಬಂದದ್ದೇ ಮಾಸ್‌ಬರ್ಗ್ 590 ಷಾಕ್‌ವೇವ್. ಅಳಿಯ ಮನಸ್ಸು ಕೊಟ್ಟಿದ್ದ ಮಾಲು ಅದೇ.

ನೋಡೋಕೆ ಚೆಂದ, ಸುಳ್ಳು ಹೇಳಬಾರದು. 2017ರಲ್ಲಿ ಮಾರುಕಟ್ಟೆಗೆ ಬಂದದ್ದು. ನಳಿಗೆ 14 ಇಂಚು ಚಿಲ್ಲರೆ. ಪೂರ್ತಿ ಉದ್ದ 26 ಇಂಚಿಗಿಂತ ಚೂರು ಜಾಸ್ತಿ, ಅಷ್ಟೇ. ತೂಕ ಎರಡೂವರೆ ಕೆಜಿಯೊಳಗೆ. ಬಟ್, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗ, ಇಲ್ಲ. ಬಟ್ ಇರಬೇಕಾದ ಕಡೆ ಹಕ್ಕಿಯ ತಲೆಯ ಹಾಗೆ ಬಾಗಿದ ಒಂದು ಹಿಡಿ. ಅಮೆರಿಕದಲ್ಲಿ ಶಾಟ್‌ಗನ್ನಿನ (ಒಂದು ತೋಟಾದಲ್ಲಿ ಹಲವು ಸಣ್ಣ ಗುಂಡು ಹಾರಿಸುವ ಇಂಥ ಬಂದೂಕಿನ) ನಳಿಗೆ 18 ಇಂಚಿಗಿಂತ ಕಡಿಮೆ ಇದ್ದರೆ ಬೇರೆಯೇ ರಿಜಿಸ್ಟ್ರೇಷನ್ ಬೇಕು. ಇದು ಹೇಗೆ ತಪ್ಪಿಸಿಕೊಂಡಿತು ಅಂದರೆ, ಶಾಟ್‌ಗನ್ ಅಂದರೆ ಹೆಗಲಿಗಿಟ್ಟು ಹೊಡೆಯುವಂಥದ್ದು ಅಂತ ಅವರ ಕಾಯಿದೆ ಹೇಳುತ್ತದೆ. ಇದು ಕಾರ್ಖಾನೆಯಿಂದಲೇ ಬಟ್ ಇಲ್ಲದೆ ಬಂದದ್ದು. ಅದಕ್ಕೇ ಇದು ಶಾಟ್‌ಗನ್ ಅಲ್ಲವಂತೆ! ವಕೀಲರು ಎಲ್ಲಾ ಊರಲ್ಲೂ ಒಂದೇ.

7 ಗಜ ದೂರದಲ್ಲಿ ಕಾಗದದ ಮನುಷ್ಯ. ಸೊಂಟದ ಹತ್ತಿರ ಹಿಡಿದು ಮೊದಲನೆಯದು ಹೊಡೆದೆ. ಕಾಗದದ ಕಿವಿ ಪಕ್ಕದಲ್ಲಿ ಹೋಯಿತು. ಎರಡನೆಯದಕ್ಕೆ ಕಣ್ಣಿನ ಮಟ್ಟಕ್ಕೆ ಎತ್ತಿ, ಎರಡೂ ಕೈ ಬಿಗಿಮಾಡಿ ಹೊಡೆದೆ. ಹಿಂದಕ್ಕೆ ಬಂದ ಒದೆತಕ್ಕೆ ಹಿಡಿ ಮೂತಿಯ ಹತ್ತಿರಕ್ಕೇ ಬಂತು. ಕೈ ಸ್ವಲ್ಪ ಸಡಿಲ ಬಿಟ್ಟಿದ್ದರೆ ಮುಂದಿನ ಹಲ್ಲು ಅಲ್ಲೇ. ಐದರಲ್ಲಿ ಎದೆಯ ವೃತ್ತಕ್ಕೆ ಬಿದ್ದದ್ದು ಎರಡು. ಮೂರು ದಶಕ ಬಂದೂಕು ಹಿಡಿದವನ ಗತಿ ಇದು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಎದ್ದ ಸಾಫ್ಟ್‌ವೇರ್ ಎಂಜಿನಿಯರ್ ಗತಿ ಏನು?

ಶಾಟ್‌ಗನ್ ಅಂದರೆ ಗುರಿ ಬೇಡ, ಆ ಕಡೆ ತಿರುಗಿಸಿ ಹೊಡೆದರೆ ಸಾಕು, ಕೋಣೆ ತುಂಬಾ ಚೆಲ್ಲುತ್ತೆ ಅಂತ ಜನ ನಂಬಿದ್ದಾರೆ. ಅಳಿಯನೂ ನಂಬಿದ್ದ. ಕಾಗದ ತಂದು ತೋರಿಸಿದೆ. 7 ಗಜಕ್ಕೆ ಒಂದು ತೋಟಾದ ಒಳಗಿನ ಗುಂಡುಗಳೆಲ್ಲ ಅಂಗೈ ಅಗಲದ ಜಾಗದಲ್ಲಿ ಕೂತಿದ್ದವು. ಗುರಿ ಇಡಲೇಬೇಕು. ಗುರಿ ಇಡೋಕೆ ಹೆಗಲು ಬೇಕು, ಹೆಗಲಿಗೆ ಬಟ್ ಬೇಕು.

ಆಮೇಲೆ ರೆಮಿಂಗ್ಟನ್ 870, ನಳಿಗೆ 18 ಇಂಚು. ಇದು 1950ರಿಂದ ಬರುತ್ತಿರುವ ಬಂದೂಕು. ಉಕ್ಕಿನ ಮೈ, ಪಂಪ್ ಎಳೆದರೆ ಬೆಣ್ಣೆ. ಐದಕ್ಕೆ ಐದೂ ಎದೆಗೆ. ಹೆಚ್ಚು ಹೇಳೋದೇನೂ ಇಲ್ಲ, ಒಂದು ಸಣ್ಣ ತಕರಾರು ಬಿಟ್ಟರೆ. ಕೆಳಗಿನಿಂದ ತೋಟಾ ತುಂಬುವಾಗ ಒಳಗಿನ ತಗಡು ಹೆಬ್ಬೆರಳಿಗೆ ಅಡ್ಡ ಬರುತ್ತೆ, ಅವಸರದಲ್ಲಿ ಕಚ್ಚುತ್ತೆ. ನನ್ನ ಉಗುರಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಬಳ್ಳಾರಿಗೆ ವಾಪಸ್ ಬಂದ ಮೇಲೂ ಇತ್ತು.

ಮಾಸ್‌ಬರ್ಗ್ 500ರಲ್ಲಿ ಆ ತಗಡು ಮೇಲೆ ಎದ್ದೇ ಇರುತ್ತದೆ, ಬೆರಳಿಗೆ ಕಾಟ ಇಲ್ಲ. ಮೈ ಅಲ್ಯೂಮಿನಿಯಂ. ನಳಿಗೆ ಹದಿನೆಂಟೂವರೆ ಇಂಚು, ತೂಕ ಸುಮಾರು 3 ಕೆಜಿ. ಅಲ್ಲಾಡಿಸಿದರೆ ಪಂಪಿನ ಹಿಡಿ ಕಟಕಟ ಅನ್ನುತ್ತೆ, 870ರ ನುಣುಪು ಇದಕ್ಕಿಲ್ಲ. ಆದರೆ ಸೇಫ್ಟಿ, ಅಂದರೆ ತಪ್ಪಿ ಗುಂಡು ಹಾರದಂತೆ ತಡೆಯುವ ಗುಂಡಿ, ಬೆನ್ನ ಮೇಲಿದೆ, ಹೆಬ್ಬೆರಳ ಕೆಳಗೆ. ನನ್ನ ಡಬಲ್ ಬ್ಯಾರೆಲ್ಲಿನದೂ ಅಲ್ಲೇ. ನೋಡದೆಯೇ ಹೆಬ್ಬೆರಳು ತಾನಾಗೇ ಹೋಯಿತು. ಅಳಿಯ ಎಡಗೈಯವನು. 870ರ ಸೇಫ್ಟಿ ಗುಂಡಿ ಟ್ರಿಗರ್ ಹಿಂದೆ ಅಡ್ಡಕ್ಕಿದೆ, ಬಲಗೈಯವರಿಗೆ ಅಂತ ಮಾಡಿದ್ದು. ಅವನು ಪ್ರತಿ ಸಲ ಬೆರಳು ಹುಡುಕುತ್ತಿದ್ದ. ನನಗೆ ಅಲ್ಲಿಗೆ ತೀರ್ಮಾನ ಆಯಿತು. ಅದೇ ಕಂಪನಿಯ ಅಗ್ಗದ ಮೇವರಿಕ್ 88 ಕೂಡ ಇತ್ತು. ಗುಂಡಿ ಅದರಲ್ಲೂ ಅಡ್ಡಕ್ಕೇ, ಹಾಗಾಗಿ ಬಿಟ್ಟೆವು.

‘ಹಂಗಾದ್ರೆ ನೀವೂ ಪಂಪ್ ತಗೊಳ್ಳಿ ಮಾವ’ ಅಂದ. ನಾನು ಒಲ್ಲೆ ಅಂದೆ. ಅದಕ್ಕೆ ಕಾರಣ ಬಳ್ಳಾರಿಯ ಧೂಳು.

ನಮ್ಮ ವ್ಯಾನು ತೋರಣಗಲ್ಲು, ಸಂಡೂರು ಕಡೆ ಓಡಾಡುತ್ತಿತ್ತು. ಅದಿರು ಲಾರಿಗಳ ಹಿಂದೆ ಕಿಟಕಿ ತೆಗೆದು ಕೂತರೆ ಮಧ್ಯಾಹ್ನದೊಳಗೆ ರೆಪ್ಪೆ ಕೂಡ ಕೆಂಪು. ಜೊತೆಯವನ ಹತ್ತಿರ ನಮ್ಮಲ್ಲೇ ತಯಾರಾದ ಪಂಪ್ ಆಕ್ಷನ್ ಇತ್ತು. ಅವನು ಎಣ್ಣೆ ಜಾಸ್ತಿ ಹಾಕುತ್ತಿದ್ದ. ಎಣ್ಣೆಗೆ ಆ ಕೆಂಪು ಹುಡಿ ಕೂತು, ಪಂಪ್ ಜಾರುವ ಸರಳುಗಳ ಮೇಲೆ ಕುಂಕುಮ ಕಲಸಿದ ಹಾಗೆ ಮೆತ್ತಿಕೊಳ್ಳುತ್ತಿತ್ತು. ವರ್ಷದ ಪ್ರಾಕ್ಟೀಸಿನಲ್ಲಿ ಎರಡನೇ ತೋಟಾಕ್ಕೇ ಪಂಪ್ ಸಿಕ್ಕಿಕೊಂಡಿತು. ಅರ್ಧ ಎಳೆದು ಮುಂದಕ್ಕೆ ತಳ್ಳಿದ್ದ. ಪಂಪಿನ ದೊಡ್ಡ ಶತ್ರು ಇದೇ. ಹೆದರಿದ ಕೈ ಪೂರ್ತಿ ಹಿಂದಕ್ಕೆ ಎಳೆಯುವುದಿಲ್ಲ. ಖಾಲಿ ತೋಟಾ ಹೊರಗೆ ಬರುವುದಿಲ್ಲ, ಹೊಸದು ಒಳಗೆ ಹೋಗುವುದಿಲ್ಲ. ನನ್ನದರಲ್ಲಿ ಇರೋದು ಎರಡೇ ಗುಂಡು, ನಿಜ. ಆದರೆ ಎರಡನೆಯದಕ್ಕೆ ಟ್ರಿಗರ್ ಒತ್ತಿದರೆ ಸಾಕು.

ಆ ಜೊತೆಯವನಿಗೂ ಗಿಡ್ಡ ಬಂದೂಕಿನ ಹುಚ್ಚಿತ್ತು. ವ್ಯಾನಿನ ಬಾಗಿಲಿಗೆ ತಗಲುತ್ತೆ, ನಳಿಗೆ ಸ್ವಲ್ಪ ಕತ್ತರಿಸಿ ಕೊಡೋರು ಸಿಗ್ತಾರಾ ಅಂತ ಕೌಲ್ ಬಜಾರಿನಲ್ಲಿ ವಿಚಾರಿಸುತ್ತಿದ್ದ. ಕೂರಿಸಿ ಬೈದೆ. ನಮ್ಮಲ್ಲಿ 20 ಇಂಚಿಗಿಂತ ಕಡಿಮೆ ನಳಿಗೆಯ ಶಾಟ್‌ಗನ್ ಸಾಮಾನ್ಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಸುಮ್ನೆ ಕತ್ತರಿಸುವುದೇ 1959ರ ಆಯುಧ ಕಾಯಿದೆಯಲ್ಲಿ ಅಪರಾಧ. ಅಂದರೆ ಷಾಕ್‌ವೇವ್ ಇರಲಿ, ಅಳಿಯನ ಹದಿನೆಂಟೂವರೆ ಇಂಚಿನದೂ ಇಲ್ಲಿ ನಡೆಯೋದಿಲ್ಲ. ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿ ‘ಅಣ್ಣಾ, ಇದು ನಮ್ಮಲ್ಲಿ ಎಷ್ಟಕ್ಕೆ ಸಿಗುತ್ತೆ’ ಅಂತ ಕೇಳುವ ಹುಡುಗರಿಗೂ ಇದೇ ಉತ್ತರ.

ಇನ್ನೊಂದು ಮಾತು ಗೋಡೆಯದ್ದು. ಅಲ್ಲಿನ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆ. ನಾನು ಬೆರಳಿಂದ ತಟ್ಟಿದೆ, ಡಬ್ ಡಬ್ ಅಂತು. ನಮ್ಮ ಇಟ್ಟಿಗೆ ಗೋಡೆ ಅಲ್ಲ ಅದು. ಬಕ್‌ಶಾಟ್ ಅನ್ನುವ ದಪ್ಪ ಗುಂಡು ಅದನ್ನು ದಾಟಿ ಪಕ್ಕದ ಕೋಣೆಗೆ ಹೋಗುತ್ತೆ. ಮೊಮ್ಮಗಳು ಮಲಗೋದು ಪಕ್ಕದ ಕೋಣೆಯಲ್ಲಿ. ಬಂದೂಕಿಗಿಂತ ಮೊದಲು ಬೀಗದ ಪೆಟ್ಟಿಗೆ ತರಿಸು, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿಡು, ಕಳ್ಳ ಬಂದರೆ ನೀವು ಮೂವರೂ ಒಂದೇ ಕೋಣೆ ಸೇರಿಕೊಂಡು ಪೊಲೀಸರಿಗೆ ಫೋನ್ ಮಾಡಿ ಅಂದೆ. ಮಗಳು ತಲೆಯಾಡಿಸಿದಳು. ಅಳಿಯನೂ ಹೂಂ ಅಂದ.

ನಾವು ವಾಪಸ್ ಬಂದು ಮೂರು ವಾರಕ್ಕೆ ವಿಡಿಯೋ ಕಾಲ್ ಬಂತು. ಮಾಸ್‌ಬರ್ಗ್ 500 ತಂದಿದ್ದಾನೆ, ಬಟ್ ಇರುವಂಥದ್ದೇ. ಪೆಟ್ಟಿಗೆಯೂ ಬಂದಿದೆ. ‘ಮಾವ, ಸೌಂಡ್ ಕೇಳಿ’ ಅಂತ ಫೋನ್ ಮುಂದೆ ಹಿಡಿದು ಪಂಪ್ ಎಳೆದ. ಸೌಂಡ್ ಚೆನ್ನಾಗೇ ಇತ್ತು. ನಳಿಗೆ ಮೊಮ್ಮಗಳ ಕೋಣೆಯ ಗೋಡೆ ಕಡೆಗಿತ್ತು.

‘ಮೊದಲು ಅದನ್ನ ಆ ಕಡೆ ತಿರುಗಿಸೋ ಮಾರಾಯ’ ಅಂದೆ.