ಅಡಿಟಿಪ್ಪಣಿಗೋಸ್ಕರವೇ ಕೊಳ್ಳಬಹುದಾದ ‘ಡಾನ್ ಕ್ವಿಕ್ಸೋಟ್’

ಗಾಳಿಯಂತ್ರದ ಮೇಲೆ ಈಟಿ ಹಿಡಿದು ನುಗ್ಗಿದವನು ಅಲ್ವಾ, ಆ ಕಥೆ ಗೊತ್ತು ಬಿಡಿ ಅನ್ನುವವರೇ ಜಾಸ್ತಿ. ನಾನೂ ಹಾಗೇ ಇದ್ದೆ. ಸ್ಪ್ಯಾನಿಷ್ ಅಷ್ಟಿಷ್ಟು ಕಲಿತ ಮೇಲೆ ಸೆರ್ವಾಂತೆಸ್ ಬರೆದ ಈ ಕಾದಂಬರಿಯನ್ನು ಮೂಲದಲ್ಲೇ ಓದೋಣ ಅಂತ ಧೈರ್ಯ ಮಾಡಿ, ಸ್ಪೇನಿನ ಭಾಷಾ ಸಂಸ್ಥೆ ರಾಯಲ್ ಅಕಾಡೆಮಿ 2004ರಲ್ಲಿ ತಂದ ಪ್ರತಿ ಕೊಂಡೆ. ಮೊದಲ ಭಾಗ 1605ರದ್ದು. ಅದಕ್ಕೆ 400 ವರ್ಷ ತುಂಬುವ ಹೊತ್ತಿಗೆ ಎಲ್ಲರ ಕೈಗೂ ಸಿಗಲಿ ಅಂತ ಹತ್ತು ಯೂರೋ ಒಳಗೇ ಮಾರಿದ ಪುಸ್ತಕ ಇದು. ನನ್ನದು ಸೆಕೆಂಡ್ ಹ್ಯಾಂಡ್. ಹೊಸದರ ಹಾಗೇ ಇದೆ ಅಂದಿದ್ದರು ಮಾರಿದವರು, ಬಂದಾಗ ಒಂದು ಮೂಲೆ ಜಜ್ಜಿತ್ತು. ಇರಲಿ.

ಪಠ್ಯ ಸಿದ್ಧಪಡಿಸಿ ಟಿಪ್ಪಣಿ ಬರೆದವರು ಫ್ರಾನ್ಸಿಸ್ಕೋ ರೀಕೋ. ನಾನು ಕೊಡುವ ಅಂಕದಲ್ಲಿ ಮುಕ್ಕಾಲು ಅವರಿಗೇ.

ಮೊದಲ ವಾಕ್ಯವನ್ನೇ ನೋಡಿ. ಸ್ಪೇನಿನ ಲಾ ಮಾಂಚಾ ಸೀಮೆಯ ಒಂದು ‘ಲುಗಾರ್’, ಅದರ ಹೆಸರು ನೆನಪಿಸಿಕೊಳ್ಳಲು ನನಗೆ ಇಷ್ಟವಿಲ್ಲ, ಹೀಗೆ ಶುರು. ಲುಗಾರ್ ಅಂದರೆ ಜಾಗ ಅಂತ ತಾನೆ ನಾವು ಕಲಿತದ್ದು? ಇಲ್ಲಿ ಅದು ಊರು ಅನ್ನುತ್ತದೆ ಟಿಪ್ಪಣಿ. ‘ಇಷ್ಟವಿಲ್ಲ’ ಅನ್ನುವ ಮಾತಿಗೂ ಈಗ ನೆನಪಿಗೆ ಬರುತ್ತಿಲ್ಲ ಅನ್ನುವಷ್ಟೇ ಅರ್ಥವಂತೆ. ಏನೋ ದೊಡ್ಡ ಗುಟ್ಟಿದೆ ಅಂದುಕೊಂಡು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ! ಮುಂದೆ ಡಾನ್ ಕ್ವಿಕ್ಸೋಟ್‌ನ ಮನೆ ಅಡುಗೆ. ಪಾತ್ರೆಯಲ್ಲಿ ಕುರಿಮಾಂಸಕ್ಕಿಂತ ದನದ ಮಾಂಸ ಜಾಸ್ತಿ. ಆಗ ಕುರಿಯದು ತುಟ್ಟಿ, ದನದ್ದು ಅಗ್ಗ. ಅಂದರೆ ಮನೆತನ ದೊಡ್ಡದು, ಕೈಯಲ್ಲಿ ಮಾತ್ರ ಕಾಸಿಲ್ಲ. ಇದನ್ನು ಯಾರಾದರೂ ಹೇಳದೆ ಹೋದರೆ ಅದು ಬರೀ ಊಟದ ಪಟ್ಟಿ ಅಷ್ಟೆ.

ರೀಕೋ ಹುಟ್ಟಿದ್ದು 1942ರಲ್ಲಿ ಬಾರ್ಸಿಲೋನಾದಲ್ಲಿ, ತೀರಿಕೊಂಡದ್ದು 2024ರ ಏಪ್ರಿಲ್‌ನಲ್ಲಿ, ಅಲ್ಲೇ. ಆ ಊರಿನ ಸ್ವಾಯತ್ತ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, 1987ರಲ್ಲಿ ಅಕಾಡೆಮಿ ಸೇರಿದರು. ಅವರಿಗೆ ಪಾಠ ಹೇಳಿದ ಮಾರ್ತೀನ್ ದೆ ರಿಕೇರ್ ಅವರ ಲೇಖನವೂ ಇದೇ ಪುಸ್ತಕದಲ್ಲಿದೆ. ಗುರುವಿನ ಲೇಖನ, ಶಿಷ್ಯನ ಟಿಪ್ಪಣಿ, ಎರಡೂ ಒಂದೇ ರಟ್ಟಿನೊಳಗೆ.

ಮೊದಲ ಮುದ್ರಣದಲ್ಲಿ ಇದ್ದದ್ದೆಲ್ಲ ಸರಿ ಅನ್ನುವವರ ಜೊತೆ ರೀಕೋ ಒಪ್ಪಿದವರಲ್ಲ. ಸೆರ್ವಾಂತೆಸ್ ಬರೆದದ್ದನ್ನು ಲಿಪಿಕಾರ ನಕಲು ಮಾಡಿದ, ಆ ನಕಲು ಮ್ಯಾಡ್ರಿಡ್‌ನಲ್ಲಿ ಹುವಾನ್ ದೆ ಲಾ ಕ್ವೆಸ್ತಾ ಅಚ್ಚುಕೂಟಕ್ಕೆ ಹೋಯಿತು, ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಪುಟಗಳನ್ನು ಸಾಲಾಗಿ ಜೋಡಿಸದೆ, ಯಾವ ಪುಟಕ್ಕೆ ಎಷ್ಟು ಸಾಲು ಅಂತ ಮೊದಲೇ ಲೆಕ್ಕ ಹಾಕಿ, ಜಾಗ ಉಳಿದರೆ ಎಳೆದು, ಸಾಲದಿದ್ದರೆ ಒತ್ತಿ ಕೆಲಸ ಮುಗಿಸುತ್ತಿದ್ದರು. ತಪ್ಪಾಗದೆ ಇರುತ್ತದೆಯೇ? ಆದರೆ ಡಾನ್ ಕ್ವಿಕ್ಸೋಟ್‌ನ ಸೇವಕ ಸಾಂಚೋನ ಕತ್ತೆಯ ವಿಷಯವೇ ಬೇರೆ, ಅದು ಬರೆದವರದೇ ಎಡವಟ್ಟು. ಮೊದಲ ಮುದ್ರಣದಲ್ಲಿ ಅದು ಹೇಳದೆ ಕೇಳದೆ ಮಾಯ, ಆಮೇಲೆ ಹೇಗೋ ವಾಪಸ್. ಅದೇ ವರ್ಷದ ಎರಡನೇ ಮುದ್ರಣದಲ್ಲಿ ಕಳ್ಳತನದ ಕಥೆ ಸೇರಿಸಿದರು. 1615ರ ಎರಡನೇ ಭಾಗದಲ್ಲಿ ಪಾತ್ರಗಳೇ ಇದರ ಬಗ್ಗೆ ಮಾತಾಡಿಕೊಳ್ಳುತ್ತವೆ, ಅಚ್ಚು ಹಾಕಿದವನ ತಪ್ಪಿರಬೇಕು ಅಂತ!

ರೀಕೋ ಬರೀ ಗ್ರಂಥಾಲಯದ ಮನುಷ್ಯನೂ ಅಲ್ಲ. ಸ್ಪೇನಿನ ಲೇಖಕ ಹಾವಿಯರ್ ಮರಿಯಾಸ್ ತಮ್ಮ ಕಾದಂಬರಿಗಳಲ್ಲಿ ಇವರನ್ನು ಇದೇ ಹೆಸರಿನಲ್ಲಿ ಪಾತ್ರ ಮಾಡಿದ್ದಾರೆ. 2011ರಲ್ಲಿ ಧೂಮಪಾನ ನಿಷೇಧದ ವಿರುದ್ಧ ‘ಎಲ್ ಪಾಯಿಸ್’ ಪತ್ರಿಕೆಗೆ ಬರೆದು, ಕೊನೆಯಲ್ಲಿ ಜೀವನದಲ್ಲಿ ಒಂದೇ ಒಂದು ಸಿಗರೇಟು ಸೇದಿಲ್ಲ ಅಂತ ಸೇರಿಸಿದರು. ಕೈಯಲ್ಲಿ ಸದಾ ಸಿಗರೇಟು ಇರುತ್ತಿದ್ದ ಮನುಷ್ಯ! ದೊಡ್ಡ ಗಲಾಟೆಯೇ ಆಯಿತು. ನನಗಂತೂ ಈ ತುಂಟತನ ಟಿಪ್ಪಣಿಗಳಲ್ಲೂ ಕಾಣುತ್ತದೆ.

ಕೊರತೆ ಇಲ್ಲದಿಲ್ಲ. ಸಾವಿರದ ಇನ್ನೂರಕ್ಕೂ ಜಾಸ್ತಿ ಪುಟ, ಮಲಗಿ ಓದುವ ಆಸೆ ಬಿಡಿ. ಟಿಪ್ಪಣಿಗಳೂ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ಹೊಸದಾಗಿ ಕಲಿಯುವವರಿಗೆ ಕಷ್ಟ. ಇನ್ನೂ ಆಳಕ್ಕೆ ಇಳಿಯಬೇಕು ಅನ್ನುವವರಿಗೆ ಇದು ಸಾಲದು, ರೀಕೋ ಅವರದೇ 1998ರ ಎರಡು ಸಂಪುಟದ ಆವೃತ್ತಿ ಬೇಕು. ಅದರ ಪಠ್ಯ, ಟಿಪ್ಪಣಿ ಸೆರ್ವಾಂತೆಸ್ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಅಲ್ಲಿ ಒಂದು ಅಧ್ಯಾಯ ಓದಿ ನೋಡಿ, ಹಿಡಿಸಿದರೆ ಪುಸ್ತಕ ಕೊಳ್ಳಿ.

ನಾನೀಗ ಮೊದಲ ಭಾಗದ 25ನೇ ಅಧ್ಯಾಯದಲ್ಲಿದ್ದೇನೆ. ಕತ್ತೆ ಇನ್ನೂ ಸಿಕ್ಕಿಲ್ಲ.